ಸುರಂಗದಲ್ಲಿ ನಿಂತ ಗಾಡಿ

ಅಂಬರಾಯನಿಗೆ ಲಕ್ವಾ ಹೊಡೆದದ್ದು ಬೆಳಿಗ್ಗೆ, ಗಡ್ಡ ಮಾಡಿಕೊಳ್ಳುತ್ತಿದ್ದಾಗ. ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಅವನ ಮನೆ. ಅಂಗಳದ ಫರಸಿ ಕಲ್ಲಿನ ಮೇಲೆ ಸ್ಟೂಲು ಹಾಕಿಕೊಂಡು, ಕಿಟಕಿಯ ಸರಳಿಗೆ ಕನ್ನಡಿ ಸಿಗಿಸಿ ಕೂತಿದ್ದ. ಏನೋ ಬಿದ್ದ ಸಪ್ಪಳಾಯಿತು ಅಂತ ಹೆಂಡತಿ ಜಗದೇವಿ ಒಳಗಿನಿಂದ ಬಂದು ನೋಡಿದರೆ ಅರ್ಧ ಮುಖದ ಮೇಲೆ ನೊರೆ ಹಾಗೇ ಇದೆ, ಬಾಯಿ ಒಂದು ಕಡೆ ವಾಲಿದೆ, ಬಲಗೈ ತೊಡೆಯ ಮೇಲೆ ಬೇರೆಯವರದೇನೋ ಎಂಬಂತೆ ಬಿದ್ದಿದೆ.

“ಏನಾಗ್ಯಾದ್ರಿ?”

“ಗಾಡಿ,” ಅಂದ ಅಂಬರಾಯ.

“ಯಾವ ಗಾಡಿ?”

“ಗಾಡಿ. ಗಾಡಿ, ಗಾಡಿ.”

ಜಗದೇವಿ ಓಣಿಗೆ ಓಡಿ ಕೂಗಿದ್ದು ಮುನಾಫನನ್ನು. ಮುನಾಫ ಪಕ್ಕದ ಓಣಿಯವನು. ರಿಟೈರ್ ಆಗುವ ತನಕ ರೈಲಿನ ಡ್ರೈವರ್ ಆಗಿದ್ದ. ಅಂಬರಾಯ ಗಾರ್ಡ್ ಆಗಿದ್ದ. ಒಂದೇ ಗೂಡ್ಸ್ ಗಾಡಿಯ ಮುಂದಿನ ತುದಿಗೆ ಒಬ್ಬ, ಹಿಂದಿನ ತುದಿಗೆ ಒಬ್ಬ, ಹಾಗೆ ಅರ್ಧ ಆಯುಷ್ಯ ಕಳೆದವರು. ಮುನಾಫ ಉಟ್ಟ ಲುಂಗಿಯಲ್ಲೇ ಕಾರು ತಂದ. ಚಿತ್ತಾಪುರದ ಕಡೆ ತಿರುಗಲೋ ಅಂತ ಒಂದು ಕ್ಷಣ ಯೋಚಿಸಿ, ಬೇಡ ಅಂತ ನೇರ ಕಲಬುರಗಿಗೇ ಹೊಡೆದ. ಲಗೂನ ತಂದದ್ದಕ್ಕೆ ಜೀವ ಉಳೀತು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ಅದನ್ನು ಕೇಳಿ ಜಗದೇವಿ ಮುನಾಫನ ಕಡೆ ತಿರುಗಿ ಕೈ ಮುಗಿದಳು. ಅವನು ಅವಸರದಿಂದ, “ಹಂಗ ಮಾಡಬ್ಯಾಡ್ರಿ ಭಾಬಿ,” ಅಂತ ಹೊರಗೆ ಚಹಾ ತರಲು ಹೋಗಿಬಿಟ್ಟ.

ಕಾಲು ಬಂತು, ಮಾತು ಬರಲಿಲ್ಲ. ಕೋಲು ಹಿಡಿದು ಪಡಸಾಲೆಯಿಂದ ಅಂಗಳದ ತನಕ ನಡೆಯುವಷ್ಟು ಸುಧಾರಿಸಿದ ಮೇಲೂ ಅಂಬರಾಯನ ಬಾಯಿಯಲ್ಲಿ ಇದ್ದದ್ದು ಅದೊಂದೇ ಶಬ್ದ. ನೀರು ಬೇಕಾದರೆ ಗಾಡಿ. ಸೆಕೆಯಾದರೆ ಗಾಡಿ. ಮಗಳು ಭುವನೇಶ್ವರಿ ಚಿಂಚೋಳಿಯಿಂದ ಬಂದು ಅಪ್ಪನ ಕೈ ಹಿಡಿದು ಕೂತಾಗ ಅವಳ ಮುಖವನ್ನೇ ನೋಡಿದ, ಕಣ್ಣು ತುಂಬಿಕೊಂಡವು, ಬಾಯಿ ತೆರೆದ. “ಗಾಡಿ.” ತಾನು ಆಡಿದ್ದು ತಪ್ಪು ಅಂತ ಅವನಿಗೆ ಗೊತ್ತಾಗುತ್ತಿತ್ತು. ಎದುರಿಗಿದ್ದವರ ಮಾತೆಲ್ಲ ತಿಳಿಯುತ್ತಿತ್ತು, ಹೇಳಬೇಕಾದದ್ದು ತಲೆಯಲ್ಲಿ ಸರಿಯಾಗಿಯೇ ಇತ್ತು, ನಾಲಿಗೆಗೆ ಬರುವಷ್ಟರಲ್ಲಿ ಅದೇ ಒಂದು ಶಬ್ದ ಆಗಿಬಿಡುತ್ತಿತ್ತು. ಆಗ ಎಡಗೈಯಿಂದ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ಆ ಕೈ ಹಿಡಿದುಕೊಳ್ಳುವುದೇ ಜಗದೇವಿಗೆ ಒಂದು ಕೆಲಸವಾಗಿತ್ತು.

ಮಾತಿನ ತರಬೇತಿ ಕೊಡುವ ಭಾಗ್ಯಜ್ಯೋತಿ ಎಂಬ ಹುಡುಗಿ ಶಹಾಬಾದಿಗೆ ವಾರಕ್ಕೆ ಎರಡು ಸಲ ಬರುತ್ತಾಳೆ ಅಂತ ತಿಳಿದು ಅಲ್ಲಿಗೆ ಹೋಗತೊಡಗಿದರು. ವಾಡಿಯಿಂದ ಪ್ಯಾಸೆಂಜರ್ ಹತ್ತಿದರೆ ಕೂತ ಜಾಗ ಬಿಸಿಯಾಗುವುದರೊಳಗೆ ಶಹಾಬಾದ್. ಭಾಗ್ಯಜ್ಯೋತಿ ಮೇಜಿನ ಮೇಲೆ ಚಿತ್ರದ ಕಾರ್ಡು ಹರಡಿ ಕೇಳುತ್ತಿದ್ದಳು: “ಇದು ಏನು ಹೇಳ್ರಿ ಕಾಕಾ?” ಕಪ್ಪು, ಛತ್ರಿ, ಎತ್ತು. ಅಂಬರಾಯ ಎತ್ತಿನ ಚಿತ್ರ ನೋಡಿದ, ಭಾಗ್ಯಜ್ಯೋತಿಯ ಮುಖ ನೋಡಿದ. ಸಾವಿರಾರು ಟನ್ ಸಿಮೆಂಟಿನ ಗಾಡಿಯನ್ನು ತನ್ನ ಜವಾಬ್ದಾರಿಯ ಮೇಲೆ ಒಯ್ದವನು. ಒಂದೇ ಏಟಿಗೆ ಕಾರ್ಡುಗಳನ್ನೆಲ್ಲ ನೆಲಕ್ಕೆ ತಳ್ಳಿದ.

ಜಗದೇವಿಗೆ ನಾಚಿಕೆಯಾಗಿ ಬಗ್ಗಿ ಆರಿಸಲು ಹೋದಳು. ಭಾಗ್ಯಜ್ಯೋತಿ ತಡೆದಳು.

“ಇರ್ಲಿ ಬಿಡ್ರಿ ಅಮ್ಮಾ. ಕಾಕಾ ಅವರಿಗಿ ಸಿಟ್ಟು ಬಂದದ್ದು ಬರೋಬ್ಬರಿ ಅದಾ. ಎತ್ತು ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಗೊತ್ತಿದ್ದದ್ದು ಕೇಳಿದ್ರ ಯಾರಿಗರೆ ಮಾತಾಡಬೇಕು ಅನಸ್ತದೇನ್ರಿ?” ಆಮೇಲೆ ತುಸು ಯೋಚಿಸಿ ಕೇಳಿದಳು, “ಮೊದಲ ಇವರಿಗಿ ಯಾವುದ್ರ ಮ್ಯಾಲ ಹುರುಪಿತ್ತು? ಯಾವ ಮಾತಿಗಿ ಜಗಳಕ್ಕ ನಿಂದರ್ತಿದ್ರು?”

“ಹಳೀ ಇಂಗ್ಲಿಷ್ ಪಿಕ್ಚರ್‌ದ್ರಿ,” ಅಂದಳು ಜಗದೇವಿ, ಇದನ್ನು ಹೇಳಬಹುದೋ ಇಲ್ಲವೋ ಅಂತ ಅನುಮಾನಿಸುತ್ತ. “ಖೂನಿ ಪಿಕ್ಚರ್. ಬಣ್ಣಿಲ್ಲ, ಹಾಡಿಲ್ಲ, ಟೋಪಿ ಹಾಕ್ಕೊಂಡವರು ಬರೇ ಸಿಗರೇಟ್ ಸೇದ್ಕೋತ ಮಾತಾಡ್ತಾರ್ರಿ.”

ಅಂಬರಾಯ ಥಟ್ಟನೆ ತಲೆ ಎತ್ತಿದ.

ಆ ಹುಚ್ಚು ಅವನಿಗೂ ಮುನಾಫನಿಗೂ ಚಿಕ್ಕಂದಿನಿಂದ ಹತ್ತಿದ್ದು. ಇಬ್ಬರ ಅಪ್ಪಂದಿರೂ ರೈಲ್ವೆಯವರೇ. ವಾಡಿಯ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಆಗೆಲ್ಲ ಶನಿವಾರ ಬಿಳಿ ಪರದೆ ಕಟ್ಟಿ ಸಿನೆಮಾ ತೋರಿಸುತ್ತಿದ್ದರು. ಹೊಸ ಸಿನೆಮಾ ಎಲ್ಲಿಂದ ಬರಬೇಕು? ಎರಡನೆಯ ಮಹಾಯುದ್ಧದ ಕಾಲದ ಸವೆದ ರೀಲುಗಳು ಬರುತ್ತಿದ್ದವು. ಕಿಟಕಿಗೆ ಕಪ್ಪು ಬಟ್ಟೆ ಬಿಗಿದ ಮನೆಗಳು, ಮಂಜು ಮುಸುಕಿದ ಓಣಿಗಳು, ದೀಪಕ್ಕೆ ಮುಚ್ಚಳ ಹಾಕಿದ ಮೋಟಾರುಗಳು, ದೂರದಲ್ಲಿ ಕೂಗುವ ಸೈರನ್. ಅದರ ನಡುವೆ ಒಂದು ಕೊಲೆ, ಅದನ್ನು ಹುಡುಕುವ ಒಬ್ಬ ಪತ್ತೇದಾರ. ಹುಡುಗರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮುಖ ನೋಡಿ, ಕೈ ನೋಡಿ, ಯಾರು ಯಾವಾಗ ಕಣ್ಣು ತಪ್ಪಿಸಿದರು ನೋಡಿ ಕೊಂದವರನ್ನು ಹಿಡಿಯುತ್ತಿದ್ದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಜಗಳ. ರಿಟೈರ್ ಆದ ಮೇಲೆ ಅಂಬರಾಯ ದೊಡ್ಡ ಟಿವಿ ತಂದ. ಆ ಕಾಲದ ಸಿನೆಮಾಗಳೆಲ್ಲ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ ಅಂತ ಭುವನೇಶ್ವರಿ ತೋರಿಸಿಕೊಟ್ಟಳು. ಅಲ್ಲಿಂದ ಇಬ್ಬರು ಮುದುಕರ ಜಗಳ ಮತ್ತೆ ಶುರುವಾಗಿತ್ತು. ಜಗದೇವಿ ಮಾತ್ರ ಆ ಟಿವಿಯ ಮುಂದೆ ಒಂದು ದಿನವೂ ಕೂತವಳಲ್ಲ.

“ಇನ್ನ ಮುಂದ ನೀವೂ ಕೂಡ್ರಿ,” ಅಂದಳು ಭಾಗ್ಯಜ್ಯೋತಿ. “ನಡುನಡುವ ನಿಂದರ್ಸಿ ಕೇಳ್ರಿ, ಯಾರು, ಯಾಕ ಅಂತ. ನಿಮಗ ಇಂಗ್ಲಿಷ್ ಬರಲ್ಲಲ್ರಿ, ಅದು ಛಲೋ ಆಯ್ತು. ನೀವು ಸುಳ್ಳೇ ಕೇಳಬಾರದು, ಖರೇ ತಿಳೀಲಾರ್ದೆ ಕೇಳಬೇಕು.”

ಮರುದಿನ ಸಂಜೆ ಮುನಾಫ ಬಂದ. ಅವನೇ ಹುಡುಕಿ ಒಂದು ಸಿನೆಮಾ ಹಚ್ಚಿದ. ಯುದ್ಧದ ದಿನಗಳು, ಕತ್ತಲಲ್ಲಿ ಓಡುತ್ತಿರುವ ಒಂದು ರೈಲು. ಮೇಲಿನಿಂದ ವಿಮಾನದವರಿಗೆ ಕಾಣಬಾರದೆಂದು ಗಾಡಿಯ ಡಬ್ಬಿಗಳಲ್ಲಿ ಮಿಣುಕು ದೀಪ. ಬಾಂಬಿನ ಸೈರನ್ ಆಗುತ್ತಲೇ ಡ್ರೈವರ್ ಗಾಡಿಯನ್ನು ಒಂದು ಸುರಂಗದಲ್ಲಿ ನಿಲ್ಲಿಸುತ್ತಾನೆ, ದೀಪಗಳೆಲ್ಲ ಆರುತ್ತವೆ. ಮತ್ತೆ ಹೊತ್ತಿದಾಗ ಮೊದಲ ದರ್ಜೆಯ ಡಬ್ಬಿಯಲ್ಲಿ ಒಬ್ಬ ಯುವಕ ಸತ್ತು ಬಿದ್ದಿದ್ದಾನೆ. ಅದೇ ಗಾಡಿಯಲ್ಲಿದ್ದ ಪತ್ತೇದಾರ ಎಲ್ಲರನ್ನೂ ವಿಚಾರಿಸುತ್ತ ಬರುತ್ತಾನೆ. ಸತ್ತವನ ಅಕ್ಕ, ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿ, ಒಬ್ಬ ಡಾಕ್ಟರ್. ಕೊನೆಗೆ ರೈಲಿನ ಗಾರ್ಡ್. ಅಂಥ ಕತ್ತಲಲ್ಲಿ ಕೈಯಲ್ಲಿ ಲಾಟೀನು ಇದ್ದದ್ದು ನಿನಗೊಬ್ಬನಿಗೇ, ಅಂತ ಪತ್ತೇದಾರ ಗಾರ್ಡನ ಮೇಲೆ ಬೆರಳು ತೋರಿಸಿದ.

ಜಗದೇವಿ ಟಿವಿ ನಿಲ್ಲಿಸಿದಳು. “ಈಗ ಏನಂದ ಅವ?”

“ಗಾರ್ಡೇ ಖೂನಿ ಮಾಡ್ಯಾನ ಅಂದ್ರಿ ಭಾಬಿ,” ಅಂದ ಮುನಾಫ. “ಬರೋಬ್ಬರಿ ಅದಾ. ಗಾರ್ಡ್‌ರ ಕಡಿ ಏನ್ ಕೆಲಸ ಇರ್ತದ? ಡ್ರೈವರ್ ಬಡಕೋತ ಗಾಡಿ ನಡಸ್ತಾನ. ಗಾರ್ಡ್ ಹಿಂದ ಕುಂತು ತೂಕಡಸ್ತಾನ. ಖಾಲಿ ತಲಿ, ಖೂನಿ ಮಾಡ್ತಾನ.”

“ಗಾಡಿ!” ಅಂದ ಅಂಬರಾಯ.

“ಗಾರ್ಡೇ ಮಾಡ್ಯಾನ.”

“ಗಾಡಿ, ಗಾ… ಗಾರ್…” ಅವನ ಕುತ್ತಿಗೆಯ ನರ ಉಬ್ಬಿತು. “ಅಲ್ಲ!”

ಜಗದೇವಿಯ ಕೈಯಲ್ಲಿದ್ದ ರಿಮೋಟು ಕೆಳಗೆ ಬಿತ್ತು. ಮುನಾಫನ ಮುಖದ ಬಣ್ಣವೂ ಬದಲಾಯಿತು, ಆದರೆ ಅವನು ಬಿಡಲಿಲ್ಲ. “ಯಾಕ ಅಲ್ಲ? ಕಾರಣ ಹೇಳು. ಗಾಡಿ ನಿಂತಾಗ ನಿನ್ನ ಗಾರ್ಡ್ ಎಲ್ಲಿದ್ದ?”

ಅಂಬರಾಯ ಎದ್ದು ನಿಂತ. ಕೋಲು ಗೋಡೆಗೆ ಒರಗಿಸಿದ್ದು ಅಲ್ಲೇ ಇತ್ತು. ಎಡಗೈಯನ್ನು ಲಾಟೀನು ಹಿಡಿದಂತೆ ಎತ್ತಿ, ಬಲಗಾಲು ಎಳೆಯುತ್ತ, ಟಿವಿಗೆ ಬೆನ್ನು ಮಾಡಿ ಬಾಗಿಲ ಕಡೆ ಹೊರಟ. ಹೊಸ್ತಿಲ ತನಕ ಹೋಗಿ ಚೌಕಟ್ಟು ಹಿಡಿದು ನಿಂತು, ಅಂಗಳದ ಕಡೆಗೆ ಆ ಇಲ್ಲದ ಲಾಟೀನನ್ನು ಬೀಸತೊಡಗಿದ.

“ಹಿಂದ,” ಅಂದ. “ಗಾಡಿ… ನಿಂತ್ರ… ಗಾರ್ಡ್ ಹಿಂದ. ಹಿಂದ!”

ನಡುದಾರಿಯಲ್ಲಿ ಗಾಡಿ ನಿಂತರೆ ಗಾರ್ಡ್ ಇಳಿದು ಹಳಿಗುಂಟ ಹಿಂದಕ್ಕೆ ನಡೆದು ಹೋಗಬೇಕು. ಹಿಂದೆ ಬರುವ ಗಾಡಿ ಬಂದು ಬಡಿಯದಂತೆ ದೀಪ ತೋರಿಸಿ ತಡೆಯಬೇಕು. ಎಷ್ಟೋ ಮಳೆಯಲ್ಲಿ, ಎಷ್ಟೋ ಬಿಸಿಲಲ್ಲಿ ಅಂಬರಾಯ ಮಾಡಿದ ಕೆಲಸ ಅದು. ಸುರಂಗದಲ್ಲಿ ಕೊಲೆಯಾದಾಗ ಗಾರ್ಡ್ ಗಾಡಿಯಲ್ಲಿ ಇರುವುದೇ ಸಾಧ್ಯವಿಲ್ಲ. ಜಗದೇವಿಗೆ ಅದು ತಿಳಿಯಿತು. ಗಂಡನಿಗೆ ಲಕ್ವಾ ಹೊಡೆದಂದಿನಿಂದ ‘ಗಾಡಿ’ ಅನ್ನುವ ಮಾತು ಮೊದಲ ಸಲ ಗಾಡಿಗೇ ಹೋಗಿ ಕೂತಿದೆ ಅನ್ನುವುದೂ ತಿಳಿಯಿತು. ಅವಳು ಓಡಿ ಹೋಗಿ ಅವನ ತೋಳು ಹಿಡಿದಳು. ಅವನು ಇನ್ನೂ ಸಿಟ್ಟಿನಲ್ಲೇ ಇದ್ದ.

ಹೊರಡುವಾಗ ಅಂಗಳದಲ್ಲಿ ಮುನಾಫ ಸಣ್ಣ ದನಿಯಲ್ಲಿ ಹೇಳಿದ, “ಗಾರ್ಡ್ ಹಿಂದ ಹೋಗ್ತಾನ ಅಂಬೋದು ನನಗ ಗೊತ್ತಿಲ್ಲೇನ್ರಿ ಭಾಬಿ? ಜಿಂದಗಿ ತುಂಬ ಅವ ಹಿಂದ ಹೋಗಿ ನಿಂತಾನಂತೇ ನಾ ಮುಂದ ಆರಾಮ ಕುಂತೀನಿ. ಅವ ನನಗ ಬೈಲಿ ಅಂತ ಅಂದೆ.” ಅವನ ಕಣ್ಣು ಒದ್ದೆಯಾಗಿದ್ದವು.

ಆ ಸಿನೆಮಾ ಮುಗಿಯಲು ಅವರಿಗೆ ಬಹಳ ಸಂಜೆಗಳು ಹಿಡಿದವು. ಸ್ವಲ್ಪ ನೋಡುವುದು, ನಿಲ್ಲಿಸುವುದು, ಜಗಳಾಡುವುದು. ಒಂದೊಂದು ಸಂಜೆ ಒಂದೊಂದು ಶಬ್ದ ಬಿಡಿಸಿಕೊಂಡು ಬರುತ್ತಿತ್ತು. ಸಿಪಾಯಿ. ಸುಳ್ಳು. ಕೈ. ಒಂದು ಸಂಜೆ ಏನೂ ಬರಲಿಲ್ಲ, ಬಂದದ್ದೂ ಹಿಂದಕ್ಕೆ ಹೋಯಿತು; ಅಂಬರಾಯ ಟಿವಿಗೆ ಬೆನ್ನು ತಿರುಗಿಸಿ ಮಲಗಿಬಿಟ್ಟ. ಮರುದಿನ ಜಗದೇವಿಯೇ ಎಬ್ಬಿಸಿದಳು. “ಏಳ್ರಿ. ನನಗ ನಿದ್ದಿ ಹತ್ತಲ್ದು. ಯಾರು ಕೊಂದಾರ ತಿಳೀಬೇಕು.” ಅದು ಸುಳ್ಳಾಗಿರಲಿಲ್ಲ. ರೊಟ್ಟಿ ಬಡಿಯುವಾಗಲೂ ಅವಳ ತಲೆಯಲ್ಲಿ ಆ ಸುರಂಗವೇ ಇರುತ್ತಿತ್ತು.

ಅಂಬರಾಯನಿಗೆ ಸಿಪಾಯಿಯ ಮೇಲೆ ಅನುಮಾನ, ಮುನಾಫನಿಗೆ ಡಾಕ್ಟರನ ಮೇಲೆ. ಜಗದೇವಿ ಒಂದು ದೃಶ್ಯವನ್ನು ಹಿಂದಕ್ಕೆ ಒಯ್ದು ಮತ್ತೆ ಹಚ್ಚಿದಳು. ಸತ್ತವನ ಅಕ್ಕ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಳೆ, ಯಾರೋ ಚಹಾ ಕೊಡುತ್ತಾರೆ, ಅವಳು ಕುಡಿಯುತ್ತಾಳೆ.

“ಇಕೀನೇ,” ಅಂದಳು ಜಗದೇವಿ.

“ಭಾಬಿ, ಆಕಿ ಅಳ್ಲಿಕತ್ತಾಳಲ್ರಿ!”

“ಅಳೂದು ನೋಡಬ್ಯಾಡ್ರಿ, ಚಾ ಕುಡಿಯೂದು ನೋಡ್ರಿ. ಊದಿ ಊದಿ, ಆರಿಸ್ಕೊಂಡು ಕುಡಿಲಿಕತ್ತಾಳ. ಒಡಹುಟ್ಟಿದವ ಪಕ್ಕದ ಡಬ್ಬಿದಾಗ ಹೆಣ ಆಗಿ ಬಿದ್ದಾನ, ಇಕಿಗಿ ನಾಲಗಿ ಸುಡ್ತದಂತ ಚಿಂತಿ! ಇವರನ್ನ ದವಾಖಾನಿಗಿ ಒಯ್ದ ದಿನ ನೀವು ನನಗ ಚಾ ತಂದು ಕೊಟ್ರಿ. ಬಿಸಿ ಇತ್ತೋ, ತಣ್ಣಗಿತ್ತೋ, ಕುಡಿದೆನೋ, ಚೆಲ್ಲಿದೆನೋ, ನನಗ ಇವತ್ತಿಗೂ ಗೊತ್ತಿಲ್ಲ.”

ಅಂಬರಾಯ ಹೆಂಡತಿಯನ್ನು ನೋಡುತ್ತ ಕೂತ. ಆಮೇಲೆ, ಸೋಲು ಒಪ್ಪಿಕೊಳ್ಳಲು ಮನಸ್ಸಿಲ್ಲದೆ, ಎಡಗೈ ಎತ್ತಿ ತಡೆದು, “ಜಗು,” ಅಂದ. “ಸುಮ್ಕಿರು. ಸಿಪಾಯಿ.”

ಮದುವೆಯಾದ ಹೊಸತರಲ್ಲಿ ಯಾರೂ ಇಲ್ಲದಾಗ ಕರೆಯುತ್ತಿದ್ದ, ಆಮೇಲೆ ಮುಚ್ಚುಮರೆಯಿಲ್ಲದೆ ಎಲ್ಲರೆದುರೂ ಕರೆಯತೊಡಗಿದ್ದ ಹೆಸರು ಅದು. ಇಷ್ಟು ತಿಂಗಳಲ್ಲಿ ಅದನ್ನು ಮತ್ತೆ ಕೇಳುತ್ತೇನೆ ಅನ್ನುವ ಆಸೆಯನ್ನೇ ಜಗದೇವಿ ಬಿಟ್ಟಿದ್ದಳು. ‘ಸುಮ್ಕಿರು’ ಅಂತ ಬೈಸಿಕೊಂಡು ಯಾವ ಹೆಂಗಸಾದರೂ ಇಷ್ಟು ಹಿಗ್ಗಿದ್ದುಂಟೋ ಇಲ್ಲವೋ! ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು, ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು, ಬಸವಣ್ಣನ ಫೋಟೋದ ಮುಂದೆ ತುಸು ಹೊತ್ತು ನಿಂತಳು. ಹೊರಗೆ ಬಂದು, “ನಾ ಯಾಕ ಸುಮ್ಮಿರ್ಲಿ? ಇಕೀನೇ ಅಂದ್ರ ಇಕೀನೇ!” ಅಂದಳು.

ಅಕ್ಕನೇ ಆಗಿದ್ದಳು. ಕೊನೆಯ ದೃಶ್ಯದಲ್ಲಿ ಪತ್ತೇದಾರ ಅವಳ ಎದುರು ನಿಂತಾಗ ಮುನಾಫ ಚಪ್ಪಾಳೆ ಹೊಡೆದ. ಅಂಬರಾಯ ನಕ್ಕ. ಬಾಯಿ ಇನ್ನೂ ಸ್ವಲ್ಪ ವಾಲಿಯೇ ಇತ್ತು, ಆದರೂ ಹೊಟ್ಟೆಯೊಳಗಿನಿಂದ ಬಂದ ನಗು. ಸಿನೆಮಾ ಮುಗಿದು ಕಪ್ಪು ಪರದೆಯ ಮೇಲೆ ಹೆಸರುಗಳು ಬರತೊಡಗಿದವು. ಮುನಾಫ ಟಿವಿ ಆರಿಸಲು ಹೋದರೆ ಅಂಬರಾಯ ಕೈ ಹಿಡಿದ. ಎಲ್ಲಾ ಹೆಸರು ಹೋಗುವ ತನಕ ನೋಡಿದ.

“ಇವರೆಲ್ಲ ಈಗ ಇದ್ದಾರೇನ್ರಿ?” ಅಂತ ಜಗದೇವಿ ಕೇಳಿದಳು.

“ಎಲ್ಲಿ ಇರ್ತಾರ್ರಿ ಭಾಬಿ? ಯುದ್ಧದಾಗಿನ ಪಿಕ್ಚರ್ ಇದು. ಆಗ ಆ ಊರ ಮ್ಯಾಲ ಬಾಂಬ್ ಬೀಳ್ತಿದ್ವು. ಸೈರನ್ ಆದ್ರ ಕೆಲಸ ಬಿಟ್ಟು ನೆಲಮಾಳಗ್ಯಾಗ ಕೂಡ್ತಿದ್ರಂತ, ನಿಂತ ಮ್ಯಾಲ ಬಂದು ಮತ್ತ ಸುರು ಮಾಡ್ತಿದ್ರಂತ.”

“ಅಂಥಾದ್ರಾಗ ಯಾರು ನೋಡ್ಲಿಕ್ಕಿ ಬರ್ತಿದ್ರು?”

“ಅಂಜಿದವರೇ ಬರ್ತಿದ್ರು.”

ಜಗದೇವಿ ಆ ಮಾತನ್ನು ಬಹಳ ಹೊತ್ತು ಯೋಚಿಸಿದಳು. ನಾಳೆ ತಮ್ಮ ಮನೆ ನಿಂತಿರುತ್ತದೋ ಇಲ್ಲವೋ ತಿಳಿಯದವರು ಒಂದೆರಡು ತಾಸು ಕತ್ತಲಲ್ಲಿ ಒಟ್ಟಿಗೆ ಕೂತು, ಯಾರು ಮಾಡಿದರು, ಯಾಕೆ ಮಾಡಿದರು ಅಂತ ತಲೆ ಕೆಡಿಸಿಕೊಂಡು, ಕೊನೆಗೆ ತಿಳಿಯಿತಲ್ಲ ಅಂತ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಿದ್ದರು. ಅಂಥವರಿಗಾಗಿ ಅಂಥವರೇ ಮಾಡಿದ್ದು ಇದು. ತಾನೂ ಈ ತಿಂಗಳುಗಳಲ್ಲಿ ಅಂಜಿಕೊಂಡೇ ಇದ್ದವಳು. ವಾಡಿ ಅನ್ನುವ ಊರೊಂದಿದೆ ಅಂತ ಆ ಜನಕ್ಕೆ ಗೊತ್ತೇ ಇರಲಿಲ್ಲ. ಆದರೂ ಅವರ ದುಡಿಮೆ ಎಲ್ಲೆಲ್ಲೋ ಹಾಯ್ದು ತನ್ನ ಪಡಸಾಲೆಗೆ ಬಂದು ಮುಟ್ಟಿತಲ್ಲ! ಆ ರಾತ್ರಿ ಲಿಂಗಪೂಜೆಗೆ ಕೂತಾಗ ಮಗಳು, ಅಳಿಯ, ಮುನಾಫನ ಮನೆಯವರು, ಭಾಗ್ಯಜ್ಯೋತಿ ಇವರ ಜೊತೆಗೆ ಹೆಸರು ಗೊತ್ತಿಲ್ಲದ ಆ ಮಂದಿಯನ್ನೂ ನೆನೆದಳು.

ಬೇಸಿಗೆ ಬರುವುದರೊಳಗೆ ಅಂಬರಾಯ ಸಣ್ಣ ಸಣ್ಣ ವಾಕ್ಯ ಆಡತೊಡಗಿದ. ಅಂಕಿಗಳು ಈಗಲೂ ಅದಲುಬದಲಾಗುತ್ತವೆ. ಸೋಮವಾರ ಅನ್ನಲು ಹೋಗಿ ಶುಕ್ರವಾರ ಅನ್ನುತ್ತಾನೆ. ಆದರೆ ಪ್ರತಿ ದಿನ ಬೆಳಿಗ್ಗೆ ಚಿಂಚೋಳಿಗೆ ಫೋನ್ ಹಚ್ಚಿಸಿಕೊಂಡು ಮಗಳ ಜೊತೆ ಮಾತಾಡುತ್ತಾನೆ. “ಭುವಿ, ಉಂಡಿ?” ಅಂತ ಅಪ್ಪ ಮೊದಲ ಸಲ ಕೇಳಿದ ದಿನ ಆ ಕಡೆಯಿಂದ ಬಹಳ ಹೊತ್ತು ಅಳುವ ಸಪ್ಪಳ ಮಾತ್ರ ಕೇಳಿತು.

ಭಾಗ್ಯಜ್ಯೋತಿ ಶಹಾಬಾದಿನಲ್ಲಿ ಮಾತು ಕಳೆದುಕೊಂಡವರನ್ನೂ ಅವರ ಮನೆಯವರನ್ನೂ ಒಂದು ಕಡೆ ಸೇರಿಸಿ ಸಿನೆಮಾ ತೋರಿಸುವುದು ಅಂತ ಮಾಡಿದಳು. “ಯಾವುದು ಹಚ್ಚಬೇಕು ನೀವೇ ಹೇಳ್ರಿ ಕಾಕಾ,” ಅಂದಳು. ಅಂಬರಾಯ ಆರಿಸಿದ್ದು ಬೇರೊಂದು ಸಿನೆಮಾ, ಅದೂ ಆ ಯುದ್ಧದ ವರ್ಷಗಳದ್ದೇ. ಸಮುದ್ರದ ದಂಡೆಯ ಹೋಟೆಲಿನಲ್ಲಿ ಒಂದು ಕೊಲೆ. ಸೇಡಮ್ಮಿನಿಂದ, ಚಿತ್ತಾಪುರದಿಂದ ಬಂದವರೂ ಇದ್ದರು. ಕೊನೆಗೆ ಸ್ವಲ್ಪ ಮುಂಚೆ ನಿಲ್ಲಿಸಿ, ಯಾರು ಅಂತ ಕೇಳಿದರು. ಗದ್ದಲವೋ ಗದ್ದಲ. ಮಾತು ಬರುವವರು ಕೂಗಿದರು, ಬಾರದವರು ಬೆರಳು ತೋರಿಸಿದರು. ಕುರಕುಂಟಾದಿಂದ ಬಂದ ಪೀರಮ್ಮ ಎಂಬ ಮುದುಕಿ, ವರ್ಷದಿಂದ ತುಟಿ ಬಿಚ್ಚದವಳು, ಪರದೆಯ ಮೇಲಿನ ಅಡುಗೆಯವನ ಕಡೆ ಕೈ ಮಾಡಿ, “ಇಂವ,” ಅಂದಳು. ಅವಳ ಮಗ ಕೂತಲ್ಲಿಂದ ಎದ್ದೇ ಬಿಟ್ಟ.

ಅಡುಗೆಯವನಲ್ಲ ಅಂತ ಆಮೇಲೆ ತಿಳಿಯಿತು. ಅದರಿಂದ ಯಾರಿಗೇನೂ ಬೇಜಾರಾಗಲಿಲ್ಲ.

ಸಿನೆಮಾ ಮುಗಿದ ಮೇಲೆ ಭಾಗ್ಯಜ್ಯೋತಿ ಅಂಬರಾಯನನ್ನು ಮುಂದೆ ಕರೆದಳು. ಅವನು ಮೊದಲೇ ಹೇಳಿಕೊಂಡು ಹೇಳಿಕೊಂಡು ತಯಾರಾಗಿದ್ದ. ಎಲ್ಲರ ಎದುರು ನಿಂತ ಮೇಲೆ ಅರ್ಧ ಮರೆತುಹೋಯಿತು. ಜಗದೇವಿ ಎದ್ದು ಬರಲು ನೋಡಿದಳು. ಅವನು ಕಣ್ಣಲ್ಲೇ ಬೇಡ ಅಂದ.

“ಜಗು… ನನ್ನ ಬಿಡ್ಲಿಲ್ಲ,” ಅಂದ. “ಮುನಾಫ… ಜಗಳ ಆಡ್ದ. ಭಾಳ ಛಲೋ ಜಗಳ.” ಜನ ನಕ್ಕರು, ಮುನಾಫ ತಲೆ ತಗ್ಗಿಸಿದ. “ಈ ತಾಯಿ… ನನ್ನ ಸಿಟ್ಟು… ತಿಳ್ಕೊಂಡ್ಳು.” ಭಾಗ್ಯಜ್ಯೋತಿ ಕಣ್ಣೊರೆಸಿಕೊಂಡಳು. ಆಮೇಲೆ ಅವನು ಹಿಂದಿರುಗಿ ಪರದೆಯನ್ನು ನೋಡಿದ. ಅಲ್ಲಿ ಸಿನೆಮಾ ಮಾಡಿದವರ ಹೆಸರುಗಳು ಇನ್ನೂ ಹಾಗೇ ನಿಂತಿದ್ದವು. “ಅವ್ರು…” ಅಂದ. “ಅವ್ರು…” ಮುಂದಿನ ಶಬ್ದ ಎಷ್ಟು ಕಾದರೂ ಬರಲಿಲ್ಲ. ಯಾರೂ ಹೇಳಿಕೊಡಲೂ ಇಲ್ಲ, ಅವಸರ ಮಾಡಲೂ ಇಲ್ಲ. ಕೊನೆಗೆ ಅಂಬರಾಯ ಶಬ್ದ ಹುಡುಕುವುದನ್ನು ಬಿಟ್ಟು, ಎಡಗೈಯಿಂದ ಬಲಗೈಯನ್ನು ಎತ್ತಿ ತಂದು, ಎರಡನ್ನೂ ಸೇರಿಸಿ, ಆ ಹೆಸರುಗಳಿಗೆ ಕೈ ಮುಗಿದ.

ಕೂತಿದ್ದವರೂ ಒಬ್ಬೊಬ್ಬರಾಗಿ ಎದ್ದು ಕೈ ಮುಗಿದರು.